ಸೂರ್ಯನ ಹವೆಯೂ ಊರಿನ ಸಂಪರ್ಕವೂ

ನೇತ್ರಾವತಿಯ ದಡದಲ್ಲಿರುವ ಪಾಣೆಮಂಗಳೂರು ಹೊಳೆ ದಾಟುವವರ ಊರು. ಮೊದಲು ದೋಣಿಯಿಂದ, ಮುಂದೆ ಬ್ರಿಟಿಷರ ಆಳ್ವಿಕೆಯ ಕಾಲದ ಉಕ್ಕಿನ ಸೇತುವೆಯಿಂದ, ಈಗ ಹೆದ್ದಾರಿಯ ಹೊಸ ಸೇತುವೆಯಿಂದ ಜನ ಇಲ್ಲಿ ಹೊಳೆ ದಾಟುತ್ತ ಬಂದಿದ್ದಾರೆ. 1923ರ ನೆರೆ, 1974ರ ನೆರೆ ಇವೆರಡೂ ಈ ಸೀಮೆಯ ನೆನಪಿನಲ್ಲಿ ನೆಟ್ಟ ಗಡಿಕಲ್ಲುಗಳು. ಹೊಳೆ ಏರಿದರೆ ದಾರಿ ಮುರಿಯುತ್ತದೆ, ದಾರಿ ಮುರಿದರೆ ಸುದ್ದಿಯೂ ನಿಲ್ಲುತ್ತದೆ ಎಂಬುದನ್ನು ಬಂಟ್ವಾಳ ಸೀಮೆಯವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಆದರೆ ಸುದ್ದಿಯ ದಾರಿ ಕಡಿಯುವುದು ನೀರಿನಿಂದ ಮಾತ್ರವಲ್ಲ. ಹದಿನೈದು ಕೋಟಿ ಕಿಲೋಮೀಟರು ದೂರದಲ್ಲಿರುವ ಸೂರ್ಯನಿಂದಲೂ ಅದು ಕಡಿಯಬಹುದು. ಈ ಎರಡನೆಯ ಸಂಗತಿಯನ್ನು ವಿದ್ಯಾಸಂಸ್ಥೆಗಳು ಇನ್ನೂ ತಕ್ಕಷ್ಟು ಗಂಭೀರವಾಗಿ ಎತ್ತಿಕೊಂಡಿಲ್ಲವೆಂಬುದೇ ಇಲ್ಲಿ ವಿಚಾರಕ್ಕೆ ತೆಗೆದುಕೊಂಡಿರುವ ವಿಷಯ.

ಎಪ್ಪತ್ತರ ದಶಕದಲ್ಲಿ ಹುಡುಗರಾಗಿದ್ದ ಹಳೆಯ ವಿದ್ಯಾರ್ಥಿಗಳಿಗೆ ಒಂದು ಅನುಭವ ಮರೆತಿರಲಾರದು. ಸಂಜೆಯ ಹೊತ್ತು ರೇಡಿಯೊದ ಮುಳ್ಳನ್ನು ಕಿರುತರಂಗದ ಪಟ್ಟಿಯ ಮೇಲೆ ಮೆಲ್ಲನೆ ಸರಿಸುತ್ತ ಹೋದರೆ ಸಿಲೋನಿನ ಹಾಡು ಒಮ್ಮೆ ಮನೆಯೊಳಗೇ ಹಾಡಿದಂತೆ ಹತ್ತಿರವಾಗುತ್ತಿತ್ತು, ಮರುಕ್ಷಣ ಬಾವಿಯ ತಳಕ್ಕೆ ಇಳಿದಂತೆ ಮುಳುಗುತ್ತಿತ್ತು. ಮನೆಯ ಹಿರಿಯರು ರೇಡಿಯೊವನ್ನು ತಟ್ಟುತ್ತಿದ್ದರು. ಹುಡುಗರು ಏರಿಯಲ್ ತಂತಿಯನ್ನು ತೆಂಗಿನಮರಕ್ಕೆ ಇನ್ನಷ್ಟು ಎತ್ತರಕ್ಕೆ ಕಟ್ಟುತ್ತಿದ್ದರು. ತಪ್ಪು ರೇಡಿಯೊದ್ದೂ ಆಗಿರಲಿಲ್ಲ, ತೆಂಗಿನಮರದ್ದೂ ಆಗಿರಲಿಲ್ಲ. ನೆಲದಿಂದ ಸುಮಾರು 60 ಕಿಲೋಮೀಟರು ಎತ್ತರದಲ್ಲಿ ಆರಂಭವಾಗಿ ನೂರಾರು ಕಿಲೋಮೀಟರುಗಳವರೆಗೆ ಹಬ್ಬಿರುವ ವಾಯುವಿನ ಪದರಗಳಲ್ಲಿ ಸೂರ್ಯನ ಕಿರಣಗಳು ಅಣುಗಳಿಂದ ಎಲೆಕ್ಟ್ರಾನುಗಳನ್ನು ಬಿಡಿಸುತ್ತವೆ. ಅಯಾನುಗೋಳವೆಂದು ಕರೆಯಲ್ಪಡುವ ಈ ಪದರಗಳೇ ಕಿರುತರಂಗಕ್ಕೆ ಕನ್ನಡಿ. ಕನ್ನಡಿ ಅಲುಗಿದರೆ ಬಿಂಬವೂ ಅಲುಗುತ್ತದೆ. ಹಾಡು ಮುಳುಗಿ ಏಳುತ್ತಿದ್ದುದು ಆ ಕಾರಣದಿಂದ.

ಕಿರುತರಂಗದ ರೇಡಿಯೊ ಮನೆಗಳಿಂದ ಮರೆಯಾಯಿತು. ಅದರೊಡನೆ, ಆಕಾಶಕ್ಕೂ ಒಂದು ಹವೆಯುಂಟು ಎಂಬ ಅರಿವೂ ಮರೆಯಾದುದು ಖೇದಕರ. ಇಂದಿನ ಹುಡುಗನ ಕೈಯಲ್ಲಿರುವ ಫೋನು ದಾರಿ ತೋರಿಸುವಾಗ ಅಲುಗುವುದಿಲ್ಲ, ಕರಕರ ಎನ್ನುವುದಿಲ್ಲ. ಆದುದರಿಂದ ಅದರ ಹಿಂದಿರುವ ದಾರಿ ಎಷ್ಟು ಸೂಕ್ಷ್ಮವಾದುದೆಂಬುದು ಅವನಿಗೆ ಹೊಳೆಯುವುದೇ ಇಲ್ಲ. ದಿಕ್ಕು ಹೇಳುವ ಉಪಗ್ರಹದ ಸಂಕೇತ ಅದೇ ಅಯಾನುಗೋಳವನ್ನು ತೂರಿಕೊಂಡೇ ಕೆಳಗಿಳಿಯಬೇಕು. ಬ್ಯಾಂಕಿನ ಯಂತ್ರಗಳೂ ದೂರವಾಣಿಯ ಗೋಪುರಗಳೂ ತಮ್ಮ ಗಡಿಯಾರಗಳನ್ನು ಸರಿಹೊಂದಿಸಿಕೊಳ್ಳುವುದು ಬಹುಮಟ್ಟಿಗೆ ಅದೇ ಸಂಕೇತದಿಂದ. ತಂತಿ ಹೋಗಿ ತರಂಗ ಬಂದಿತು, ತರಂಗ ಹೋಗಿ ಉಪಗ್ರಹ ಬಂದಿತು; ಸೂರ್ಯನು ಮಾತ್ರ ಈ ಮೂರು ಕಾಲಗಳಲ್ಲಿಯೂ ತನ್ನ ಪಾಲಿನ ಸುಂಕವನ್ನು ವಸೂಲು ಮಾಡುತ್ತಲೇ ಬಂದಿದ್ದಾನೆ.

ತಂತಿಯ ಕಾಲದ ದಾಖಲೆ ಭಾರತದಲ್ಲಿಯೇ ಉಂಟು. 1859ರ ಸೆಪ್ಟೆಂಬರ್ 1ರಂದು ಇಂಗ್ಲೆಂಡಿನಲ್ಲಿ ರಿಚರ್ಡ್ ಕ್ಯಾರಿಂಗ್ಟನ್ ಎಂಬ ವಿದ್ವಾಂಸನು ಸೂರ್ಯಕಲೆಗಳ ಗುಂಪೊಂದರ ಮೇಲೆ ಬಿಳಿಯ ಬೆಳಕು ಭುಗಿಲೆದ್ದುದನ್ನು ಕಂಡನು. ಸುಮಾರು ಹದಿನೇಳೂವರೆ ಗಂಟೆಗಳ ತರುವಾಯ ಭೂಮಿಯ ಕಾಂತಕ್ಷೇತ್ರ ನಡುಗಿತು. ಯುರೋಪು ಅಮೆರಿಕಗಳಲ್ಲಿ ತಂತಿ ಕಚೇರಿಗಳು ಕಂಗೆಟ್ಟವು, ಕೆಲವೆಡೆ ಬ್ಯಾಟರಿಯನ್ನು ಬಿಚ್ಚಿಟ್ಟರೂ ತಂತಿಯಲ್ಲಿ ಸಂದೇಶ ಹರಿಯಿತು. ಆ ದಿನ ಮುಂಬಯಿಯ ಕೊಲಾಬಾ ವೀಕ್ಷಣಾಲಯದಲ್ಲಿ ಕಾಂತಮಾಪಕದ ಸೂಚಿ ಸುಮಾರು 1600 ನ್ಯಾನೋಟೆಸ್ಲಾದಷ್ಟು ಕುಸಿದುದನ್ನು ಅಲ್ಲಿನ ನೌಕರರು ಬರೆದಿಟ್ಟರು. ಆ ಮಹಾಕ್ಷೋಭೆಯ ಬಲವನ್ನು ಇಂದಿನ ವಿಜ್ಞಾನಿಗಳು ಅಂದಾಜು ಮಾಡುವಾಗ ಆಧಾರವಾಗಿ ಹಿಡಿಯುವುದು ಮುಖ್ಯವಾಗಿ ಕೊಲಾಬಾದ ಆ ಬರೆಹವನ್ನೇ. 1872ರ ಫೆಬ್ರವರಿ 4ರ ಕ್ಷೋಭೆಯಲ್ಲಂತೂ ಧ್ರುವಪ್ರದೇಶಗಳಿಗೆ ಮೀಸಲಾದ ಬಣ್ಣದ ಬೆಳಕು ಮುಂಬಯಿಯ ಆಕಾಶದಲ್ಲಿಯೇ ಕಾಣಿಸಿಕೊಂಡಿತು. ತಾಳ್ಮೆಯಿಂದ ಅಂಕಿ ಬರೆದಿಟ್ಟ ಹೆಸರಿಲ್ಲದ ನೌಕರರ ಋಣ ಲೋಕದ ವಿಜ್ಞಾನದ ಮೇಲಿದೆಯೆಂಬುದನ್ನು ಶಾಲೆಯ ಅಧ್ಯಾಪಕರು ನೆನಪಿಡತಕ್ಕುದು. ಈ ಮಾತು ಮುಂದೆ ಮತ್ತೆ ಬೇಕಾಗುತ್ತದೆ.

ಸೂರ್ಯನಿಂದ ಬರುವ ತೊಂದರೆ ಒಂದೇ ಬಗೆಯದಲ್ಲ. ಇದನ್ನು ತಿಳಿಯದೆಯೇ ವಾರ್ತಾಪತ್ರಗಳು ಎಲ್ಲವನ್ನೂ ‘ಸೌರ ಬಿರುಗಾಳಿ’ ಎಂಬ ಒಂದೇ ಚೀಲದಲ್ಲಿ ತುಂಬಿಬಿಡುತ್ತವೆ. ಮೊದಲನೆಯದು ಸೌರಜ್ವಾಲೆ. ಅದರ ಕ್ಷಕಿರಣ ಬೆಳಕಿನೊಡನೆಯೇ, ಎಂಟು ಚಿಲ್ಲರೆ ನಿಮಿಷಗಳಲ್ಲಿ, ಭೂಮಿಯ ಹಗಲಿನ ಭಾಗವನ್ನು ಮುಟ್ಟಿ ಅಯಾನುಗೋಳದ ತಳದ ಪದರವನ್ನು ದಟ್ಟವಾಗಿಸುತ್ತದೆ. ಆಗ ಕಿರುತರಂಗ ಪ್ರತಿಫಲಿಸದೆ ಅಲ್ಲಿಯೇ ಹೀರಿಹೋಗುತ್ತದೆ. ಮುನ್ಸೂಚನೆಗೆ ಎಡೆಯೇ ಇಲ್ಲ, ಏಕೆಂದರೆ ಸುದ್ದಿಯೂ ಪೆಟ್ಟೂ ಒಂದೇ ವೇಗದಲ್ಲಿ ಬರುತ್ತವೆ. ಎರಡನೆಯದು ವೇಗದ ಕಣಗಳ ಮಳೆ. ಇದು ಉಪಗ್ರಹಗಳ ಸೂಕ್ಷ್ಮ ಯಂತ್ರಾಂಗಗಳನ್ನು ಕೆಡಿಸುವಂಥದು. ಮೂರನೆಯದು ಸೂರ್ಯನ ಹೊರವಲಯವಾದ ಕರೋನಾದಿಂದ ಸಿಡಿದು ಬರುವ ದ್ರವ್ಯರಾಶಿ. ಇದು ಸಾಮಾನ್ಯವಾಗಿ ಒಂದರಿಂದ ಮೂರು ದಿನಗಳಲ್ಲಿ ಬಂದು ಭೂಮಿಯ ಕಾಂತಕ್ಷೇತ್ರವನ್ನು ಕದಡುತ್ತದೆ. 1989ರ ಮಾರ್ಚ್ 13ರಂದು ಕೆನಡದ ಕ್ವಿಬೆಕ್ ಪ್ರಾಂತದಲ್ಲಿ ಸುಮಾರು 60 ಲಕ್ಷ ಜನ ಒಂಬತ್ತು ಗಂಟೆಗಳಷ್ಟು ಕಾಲ ವಿದ್ಯುತ್ತಿಲ್ಲದೆ ಕುಳಿತುದು ಈ ಮೂರನೆಯ ಬಗೆಯಿಂದ. 2022ರ ಫೆಬ್ರವರಿಯಲ್ಲಿ ಅಮೆರಿಕದ ಕಂಪೆನಿಯೊಂದು ಒಟ್ಟಿಗೆ ಹಾರಿಸಿದ 49 ಸ್ಟಾರ್‌ಲಿಂಕ್ ಉಪಗ್ರಹಗಳಲ್ಲಿ ನಲವತ್ತರ ಹತ್ತಿರ ನಷ್ಟವಾದುದೂ ಇದರಿಂದಲೇ; ಅದೂ ದೊಡ್ಡ ಕ್ಷೋಭೆಯೇನಲ್ಲ. ಬಿಸಿಯೇರಿದ ಮೇಲ್ವಾಯು ಉಬ್ಬಿ ಮೇಲೆದ್ದು ಉಪಗ್ರಹಗಳನ್ನು ಹಿಡಿದೆಳೆಯಿತು, ಅಷ್ಟೆ.

ಕ್ವಿಬೆಕ್‌ನಂಥ ಆಪತ್ತು ಧ್ರುವಗಳ ಸಮೀಪದ ನಾಡುಗಳಿಗೆ ಹೆಚ್ಚು, ದಕ್ಷಿಣ ಭಾರತಕ್ಕೆ ಕಡಿಮೆ ಎಂಬುದು ನಿಜ. ಇದನ್ನೇ ಹಿಡಿದು ‘ಇದು ಚಳಿನಾಡಿನವರ ಚಿಂತೆ’ ಎಂದು ಕೈತೊಳೆದುಕೊಳ್ಳುವವರಿದ್ದಾರೆ. ಅವರಿಗೆ ತಿಳಿಯಬೇಕಾದ ಇನ್ನೊಂದು ಸಂಗತಿಯುಂಟು. ಭೂಗೋಳದ ಸಮಭಾಜಕ ಬೇರೆ, ಕಾಂತೀಯ ಸಮಭಾಜಕ ಬೇರೆ. ಕಾಂತೀಯ ಸಮಭಾಜಕವು ಭಾರತದ ದಕ್ಷಿಣದ ತುದಿಯನ್ನು, ತಿರುವನಂತಪುರದ ಸಮೀಪ, ಹಾದುಹೋಗುತ್ತದೆ. 1963ರ ನವೆಂಬರ್ 21ರಂದು ಭಾರತದ ಮೊದಲ ಸಂಶೋಧನಾ ರಾಕೆಟ್ಟು ತುಂಬಾ ಎಂಬ ಬೆಸ್ತರ ಹಳ್ಳಿಯಿಂದ ಹಾರಿದುದೇಕೆಂದರೆ, ಆ ರೇಖೆಯ ಮೇಲಣ ಆಕಾಶವನ್ನು ಅರಿಯುವುದಕ್ಕಾಗಿಯೇ. ಪಾಣೆಮಂಗಳೂರು ಆ ರೇಖೆಯಿಂದ ನಾಲ್ಕೈದು ಡಿಗ್ರಿಗಳಷ್ಟು ಮಾತ್ರ ಉತ್ತರಕ್ಕಿದೆ. ಸಮಭಾಜಕದ ಸೀಮೆಯ ಅಯಾನುಗೋಳಕ್ಕೆ ತನ್ನದೇ ಒಂದು ಚಾಳಿ. ಸೂರ್ಯ ಮುಳುಗಿದೊಡನೆ ಅದರ ತಳದ ಭಾಗ ಬೇಗ ತೆಳುವಾಗುತ್ತದೆ, ಮೇಲಿನ ಭಾಗ ಎತ್ತರಕ್ಕೇರುತ್ತದೆ. ಕುದಿಯುವ ಗಂಜಿಯ ತಳದಿಂದ ಗುಳ್ಳೆಗಳು ಏಳುವಂತೆ, ಎಲೆಕ್ಟ್ರಾನುಗಳು ವಿರಳವಾದ ಗುಳ್ಳೆಗಳು ತಳದಿಂದ ಮೇಲೇಳುತ್ತವೆ. ಒಂದೊಂದೂ ಹತ್ತಾರು, ಕೆಲವೊಮ್ಮೆ ನೂರಾರು ಕಿಲೋಮೀಟರು ಅಗಲದವು. ಅವುಗಳ ಅಂಚನ್ನು ಹಾದು ಬರುವ ಉಪಗ್ರಹದ ಸಂಕೇತ ನಕ್ಷತ್ರದಂತೆ ಮಿನುಗತೊಡಗುತ್ತದೆ. ಮಿನುಗು ಅತಿಯಾದರೆ ಗ್ರಾಹಕಯಂತ್ರದ ಹಿಡಿತ ತಪ್ಪುತ್ತದೆ.

ಇದಕ್ಕೆ ಚಂಡಮಾರುತದಂಥ ಸೌರಕ್ಷೋಭೆಯೇನೂ ಬೇಕಾಗಿಲ್ಲವೆಂಬುದು ಗಮನಿಸತಕ್ಕ ಮಾತು. ಸೂರ್ಯಕಲೆಗಳು ಹೆಚ್ಚಿರುವ ವರ್ಷಗಳಲ್ಲಿ, ಹಗಲು ರಾತ್ರಿಗಳು ಸಮವಾಗುವ ಮಾರ್ಚ್–ಏಪ್ರಿಲ್ ಹಾಗೂ ಸೆಪ್ಟೆಂಬರ್–ಅಕ್ಟೋಬರ್ ತಿಂಗಳುಗಳಲ್ಲಿ, ಮುಸ್ಸಂಜೆಯಿಂದ ನಡುರಾತ್ರಿಯವರೆಗೆ ಇದು ಸಾಧಾರಣ ಸಂಗತಿ. ಧ್ರುವದವರ ತೊಂದರೆ ಅಪರೂಪಕ್ಕೆ ಬರುವ ಮಹಾ ನೆರೆಯಂತೆ. ಇಲ್ಲಿನದು ವರ್ಷವರ್ಷವೂ ಗದ್ದೆಯ ಬದುವನ್ನು ಕೊರೆಯುವ ತೋಡಿನ ನೀರಿನಂತೆ. ಮೊದಲನೆಯದನ್ನು ಕುರಿತು ಎಲ್ಲರೂ ಮಾತನಾಡುತ್ತಾರೆ. ವಿಮಾನಗಳಿಗೆ ದಾರಿ ತೋರಿಸುವ ‘ಗಗನ್’ ವ್ಯವಸ್ಥೆಯನ್ನು ಇಸ್ರೋ ಮತ್ತು ವಿಮಾನ ನಿಲ್ದಾಣ ಪ್ರಾಧಿಕಾರಗಳು ಕೂಡಿ ಕಟ್ಟಿದಾಗ ಅಮೆರಿಕದ ಲೆಕ್ಕವನ್ನು ಇದ್ದಂತೆಯೇ ತಂದು ಬಳಸಲಾಗದೆ, ಈ ನಾಡಿನ ಅಯಾನುಗೋಳಕ್ಕೆಂದೇ ಬೇರೆ ಲೆಕ್ಕವನ್ನು ರೂಪಿಸಬೇಕಾಯಿತು. ಆಮದು ಮಾಡಿದ ವಿದ್ಯೆ ಊರಿನ ಆಕಾಶಕ್ಕೆ ಒಗ್ಗಲಿಲ್ಲ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ನಿದರ್ಶನ ಬೇಡ.

ನೇತ್ರಾವತಿ ಮಂಗಳೂರಿನ ಅಳಿವೆಯಲ್ಲಿ ಕಡಲು ಸೇರುತ್ತದೆ. ಅಳಿವೆಯ ದಕ್ಕೆಯಿಂದ ಹೊರಡುವ ಆಳಸಮುದ್ರದ ಬೋಟುಗಳು ಹಲವು ದಿನ ದಡ ಕಾಣದೆ ದುಡಿಯುತ್ತವೆ. ಕರ್ನಾಟಕದ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಮೀನುಗಾರಿಕೆಗೆ ನಿಷೇಧ. ಆಗಸ್ಟಿನಲ್ಲಿ ಋತು ತೆರೆಯುತ್ತದೆ, ಸೆಪ್ಟೆಂಬರ್ ಅಕ್ಟೋಬರಿನಲ್ಲಿ ಅದು ತುಂಬುಗಾಲದಲ್ಲಿರುತ್ತದೆ. ಆಕಾಶದಲ್ಲಿ ಗುಳ್ಳೆಗಳೇಳುವ ತಿಂಗಳುಗಳೂ ಅವೇ. ಹಿಂದಿನ ತಾಂಡೇಲರು ನಕ್ಷತ್ರ ನೋಡಿ, ನೀರಿನ ಬಣ್ಣ ನೋಡಿ, ದಡದ ಗುಡ್ಡದ ಗುರುತು ಹಿಡಿದು ಬಲೆ ಬಿಡುತ್ತಿದ್ದರು. ಇಂದಿನ ತಾಂಡೇಲ ಜಿಪಿಎಸ್ ಪರದೆಯ ಅಂಕಿಗಳನ್ನು ನೋಡುತ್ತಾನೆ. ಮೀನು ಸಿಗುವ ತಾಣದ ಸೂಚನೆ ಬರುವುದೂ, ಬಿರುಗಾಳಿಯ ಎಚ್ಚರಿಕೆ ಬರುವುದೂ, ಆಪತ್ತಿನ ಕೂಗು ಹೋಗಬೇಕಾದುದೂ ಉಪಗ್ರಹದ ದಾರಿಯಲ್ಲೇ. 2017ರ ಓಖಿ ಚಂಡಮಾರುತದಲ್ಲಿ ಕಡಲ ನಡುವಿದ್ದವರಿಗೆ ಎಚ್ಚರಿಕೆ ಮುಟ್ಟಿಸಲಾಗದೆ ಹೋದ ಮೇಲೆ ದೇಶೀಯ ‘ನಾವಿಕ್’ ಉಪಗ್ರಹಗಳ ಮೂಲಕ ಸಂದೇಶ ಕಳುಹಿಸುವ ಸಾಧನ ಬಂದಿತು. 2024ರ ಆಗಸ್ಟ್ 30ರಂದು ಮಹಾರಾಷ್ಟ್ರದ ಪಾಲ್ಘರಿನಲ್ಲಿ ಒಂದು ಲಕ್ಷ ಮೀನುಗಾರಿಕಾ ದೋಣಿಗಳಿಗೆ ಟ್ರಾನ್ಸ್‌ಪಾಂಡರ್ ಕೊಡಿಸುವ ಯೋಜನೆಗೆ ಚಾಲನೆ ದೊರೆಯಿತು. ಇವು ಜೀವ ಉಳಿಸುವ ಸಾಧನಗಳು. ಇವನ್ನು ಹಳಿಯುವುದು ಅವಿವೇಕ.

ದೋಣಿಯೊಂದು ಮಾತು ನಿಲ್ಲಿಸಿದರೆ ಏನಾಗುತ್ತದೆಂಬುದು ಈ ಕರಾವಳಿಗೆ ಗೊತ್ತಿದೆ. 2018ರ ಡಿಸೆಂಬರಿನಲ್ಲಿ ಮಲ್ಪೆಯಿಂದ ಹೊರಟ ‘ಸುವರ್ಣ ತ್ರಿಭುಜ’ ಏಳು ಮಂದಿಯೊಡನೆ ಕಾಣೆಯಾಯಿತು. ಅದರ ಅವಶೇಷ ಸಿಕ್ಕಿದುದು 2019ರ ಮೇ ತಿಂಗಳಲ್ಲಿ, ಮಹಾರಾಷ್ಟ್ರದ ಕರಾವಳಿಯಾಚೆ. ಆ ದುರಂತಕ್ಕೂ ಸೂರ್ಯನಿಗೂ ಯಾವ ಸಂಬಂಧವನ್ನೂ ಹಚ್ಚಲಾಗದು, ಹಚ್ಚಬಾರದು. ಆದರೆ ಆ ತಿಂಗಳುಗಳಲ್ಲಿ ಏಳು ಮನೆಗಳು ಒಂದು ಮಾತಿಗಾಗಿ ಹೇಗೆ ಕಾದಿದ್ದುವೆಂಬುದನ್ನು ನೆನೆದವರು ಸಂಪರ್ಕವೆಂಬುದನ್ನು ಬರಿಯ ಅನುಕೂಲದ ವಸ್ತುವೆಂದು ತಿಳಿಯಲಾರರು.

ಮಿನುಗಿನಿಂದ ಕೆಲವು ನಿಮಿಷ ಅಂಕಿ ಕದಲಿದರೆ ತಾಂಡೇಲನಿಗೆ ದೊಡ್ಡ ನಷ್ಟವಿಲ್ಲ. ಹತ್ತಿಪ್ಪತ್ತು ಮೀಟರಿನ ಅಂತರ ಕಡಲಲ್ಲಿ ಲೆಕ್ಕಕ್ಕಿಲ್ಲ. ಭಯವಿರುವುದು ಆ ಕೆಲವು ನಿಮಿಷಗಳಲ್ಲಲ್ಲ, ಅವು ಬೇರೊಂದು ಆಪತ್ತಿನೊಡನೆ ಕೂಡಿ ಬರುವುದರಲ್ಲಿ. ಇದು ಊಹೆಯ ಮಾತಲ್ಲ. 2017ರ ಸೆಪ್ಟೆಂಬರ್ 6ರಂದು ಇರ್ಮಾ ಚಂಡಮಾರುತ ಕೆರಿಬಿಯನ್ ದ್ವೀಪಗಳನ್ನು ಬಡಿಯುತ್ತಿದ್ದಾಗಲೇ ಸೂರ್ಯನಲ್ಲಿ ಎಕ್ಸ್ 9.3 ಪ್ರಮಾಣದ ಜ್ವಾಲೆ ಎದ್ದಿತು. ನೆಲದ ಗೋಪುರಗಳು ಗಾಳಿಗೆ ಬಿದ್ದಿದ್ದವು. ಅಂಥ ಹೊತ್ತಿಗೆಂದೇ ಇಟ್ಟುಕೊಂಡಿದ್ದ ಕಿರುತರಂಗದ ರೇಡಿಯೊ ಕೂಡ ಮೂಕವಾಯಿತು. ಫ್ರೆಂಚ್ ವಿಮಾನಯಾನ ಅಧಿಕಾರಿಗಳಿಗೆ ದಕ್ಷಿಣ ಅಮೆರಿಕದ ಕಡಲಾಚೆಯ ವಿಮಾನವೊಂದರೊಡನೆ ಸುಮಾರು 90 ನಿಮಿಷ ಮಾತೇ ಸಿಗಲಿಲ್ಲ. ಹಳೆಯದೆಲ್ಲ ಗಟ್ಟಿ, ಹೊಸದೆಲ್ಲ ಸಡಿಲ ಎಂಬ ಹಿರಿಯರ ಸಮಾಧಾನಕ್ಕೂ ಇಲ್ಲಿ ಎಡೆಯಿಲ್ಲವೆಂದಾಯಿತು. ಹಗಲಿನ ಜ್ವಾಲೆ ಕಿರುತರಂಗವನ್ನು ನುಂಗುತ್ತದೆ, ಉಪಗ್ರಹದ ಸಂಕೇತವನ್ನು ಬಹುಮಟ್ಟಿಗೆ ಬಿಟ್ಟುಬಿಡುತ್ತದೆ. ಸಂಜೆಯ ಗುಳ್ಳೆ ಉಪಗ್ರಹದ ಸಂಕೇತವನ್ನು ಕಾಡುತ್ತದೆ, ದಡದಿಂದ ನೇರ ಕಾಣುವ ದೂರಕ್ಕೆ ಮಾತನಾಡುವ ವಿ.ಎಚ್.ಎಫ್. ರೇಡಿಯೊವನ್ನು ಮುಟ್ಟುವುದಿಲ್ಲ. ನೆಲದಡಿಯ ಗಾಜಿನ ಎಳೆಯ ತಂತಿಗೆ ಸೂರ್ಯನ ಭಯ ಅತ್ಯಲ್ಪ, ಆದರೆ ರಸ್ತೆ ಅಗೆಯುವ ಯಂತ್ರದ ಭಯ ಬಹಳ. ಒಂದೊಂದು ದಾರಿಗೂ ಒಂದೊಂದು ದುರ್ಬಲ ಗಳಿಗೆ. ಆ ಗಳಿಗೆಗಳು ಬೇರೆ ಬೇರೆಯಾಗಿರುವುದೇ ಮನುಷ್ಯನಿಗೆ ಒದಗಿದ ಅದೃಷ್ಟ. ಒಂದೇ ದಾರಿಯನ್ನು ನೆಚ್ಚಿ ಉಳಿದವನ್ನು ಗುಜರಿಗೆ ಹಾಕುವ ಇಂದಿನ ಆಡಳಿತದ ಆತುರ ಈ ಅದೃಷ್ಟವನ್ನು ಕೈಯಾರೆ ಕಳೆದುಕೊಳ್ಳುವಂಥದು. ನಿಸ್ತಂತು ಯಂತ್ರಗಳನ್ನು ಹಳತೆಂದು ಮೂಲೆಗೆ ಸೇರಿಸುವ ಮುನ್ನ ಆಡಳಿತಗಾರರು ಒಂದು ಪ್ರಶ್ನೆ ಕೇಳಿಕೊಳ್ಳಬೇಕು: ನೇತ್ರಾವತಿ ಅಪಾಯದ ಮಟ್ಟ ಮೀರಿದ ರಾತ್ರಿ, ಗೋಪುರದ ವಿದ್ಯುತ್ತು ಹೋಗಿ, ಉಪಗ್ರಹದ ಸಂಕೇತವೂ ಮಿನುಗುತ್ತಿದ್ದರೆ, ದಡದ ಮನೆಗಳ ಸುದ್ದಿ ಮಂಗಳೂರಿಗೆ ಹೋಗುವುದು ಯಾವುದರಿಂದ?

ಈ ವಿದ್ಯೆಯ ವಿಷಯದಲ್ಲಿ ತುಳುನಾಡಿಗೆ ಹಕ್ಕಿನ ಹೆಮ್ಮೆಯೊಂದಿದೆ. ಅದು ತಕ್ಕಷ್ಟು ಪ್ರಚಾರಕ್ಕೆ ಬಂದಿಲ್ಲ. ಉಡುಪಿ ಸಮೀಪದ ಅದಮಾರಿನಲ್ಲಿ 1932ರ ಮಾರ್ಚ್ 10ರಂದು ಜನಿಸಿದ ಉಡುಪಿ ರಾಮಚಂದ್ರ ರಾವ್ ಅವರನ್ನು ಜನ ನೆನೆಯುವುದು 1975ರ ಏಪ್ರಿಲ್ 19ರಂದು ಹಾರಿದ ‘ಆರ್ಯಭಟ’ದ ಶಿಲ್ಪಿಯೆಂದು, 1984ರಿಂದ 1994ರವರೆಗೆ ಇಸ್ರೋದ ಅಧ್ಯಕ್ಷರಾಗಿದ್ದವರೆಂದು. ಅದಕ್ಕೂ ಮೊದಲಿನ ಅವರ ಕೆಲಸ ಸೂರ್ಯನದೇ. ವಿಕ್ರಮ್ ಸಾರಾಭಾಯಿಯವರ ಶಿಷ್ಯರಾಗಿ ವಿಶ್ವಕಿರಣಗಳನ್ನು ಅಭ್ಯಸಿಸಿದ ಅವರು ಅಮೆರಿಕಕ್ಕೆ ಹೋಗಿ, ‘ಮ್ಯಾರಿನರ್ 2’ ನೌಕೆಯ ಅಳತೆಗಳಿಂದ ಸೌರಮಾರುತ ಎಡೆಬಿಡದೆ ಬೀಸುತ್ತದೆಂಬುದನ್ನೂ ಅದು ಭೂಮಿಯ ಕಾಂತಕ್ಷೇತ್ರದ ಮೇಲೆ ಮಾಡುವ ಪರಿಣಾಮವನ್ನೂ ಸ್ಥಾಪಿಸಿದವರಲ್ಲಿ ಮೊದಲಿಗರು. 1965ರಿಂದ 1968ರವರೆಗೆ ಹಾರಿದ ‘ಪಯನಿಯರ್’ ಸರಣಿಯ 6ರಿಂದ 9ರವರೆಗಿನ ನೌಕೆಗಳಲ್ಲಿ ಅವರು ಭಾಗಿಯಾಗಿದ್ದ ಪ್ರಯೋಗಗಳಿದ್ದವು. ಸೂರ್ಯನ ಸುತ್ತ ಬೇರೆ ಬೇರೆ ತಾಣಗಳಲ್ಲಿ ನಿಂತು ಅದರ ಹವೆಯನ್ನು ವರದಿ ಮಾಡಿದ ಮೊದಲ ಕಾವಲುಗಾರರೆಂದರೆ ಈ ನಾಲ್ಕು ನೌಕೆಗಳು. ಅದಮಾರಿನ ಪ್ರಾಥಮಿಕ ಶಾಲೆಯ ಮಣೆಯಿಂದ ಎದ್ದ ಹುಡುಗನೊಬ್ಬ ಸೌರಮಾರುತವನ್ನು ಅಳೆದನೆಂಬುದು ಕರಾವಳಿಯ ಪ್ರತಿ ಶಾಲೆಯ ಗೋಡೆಯ ಮೇಲೆ ಬರೆಯತಕ್ಕ ಸಂಗತಿ.

ರಾವ್ ಅವರು 2017ರ ಜುಲೈ 24ರಂದು ತೀರಿಕೊಂಡರು. ಅವರ ಹೆಸರನ್ನು ಹೊತ್ತ ಬೆಂಗಳೂರಿನ ಉಪಗ್ರಹ ಕೇಂದ್ರದಲ್ಲಿ ಸಿದ್ಧವಾದ ‘ಆದಿತ್ಯ–ಎಲ್1’ 2023ರ ಸೆಪ್ಟೆಂಬರ್ 2ರಂದು ಶ್ರೀಹರಿಕೋಟೆಯಿಂದ ಹೊರಟು 2024ರ ಜನವರಿ 6ರಂದು ತನ್ನ ನೆಲೆಯನ್ನು ಸೇರಿತು. ಅದರ ಏಳು ಉಪಕರಣಗಳಲ್ಲಿ ಮುಖ್ಯವಾದ, ಕರೋನಾವನ್ನು ನೋಡುವ ಯಂತ್ರವನ್ನು ಭಾರತೀಯ ಖಭೌತ ಸಂಸ್ಥೆ ಹೊಸಕೋಟೆಯಲ್ಲಿ ಕಟ್ಟಿತು. ಅದರ ಸಂದೇಶಗಳನ್ನು ಬೆಂಗಳೂರಿನ ಹೊರಗಣ ಬ್ಯಾಲಾಳಿನ ದೊಡ್ಡ ಕಿವಿಗಳು ಆಲಿಸುತ್ತವೆ. ಗೌರಿಬಿದನೂರಿನ ಬಯಲಿನಲ್ಲಿ 1970ರ ದಶಕದಿಂದಲೂ ಸೂರ್ಯನ ರೇಡಿಯೊ ತರಂಗಗಳನ್ನು ಕೇಳುವ ಏರಿಯಲ್‌ಗಳ ಸಾಲು ನಿಂತಿದೆ. ಹಾಸನದಲ್ಲಿ ಭೂಸ್ಥಿರ ಉಪಗ್ರಹಗಳ ಮುಖ್ಯ ನಿಯಂತ್ರಣ ಕೇಂದ್ರವಿದೆ. ಸೂರ್ಯನನ್ನು ನೋಡುವ ಕಣ್ಣು, ಅವನನ್ನು ಕೇಳುವ ಕಿವಿ, ಅವನ ಪೆಟ್ಟಿನಿಂದ ಉಪಗ್ರಹವನ್ನು ಕಾಯುವ ಕೈ ಇವು ಮೂರೂ ಕರ್ನಾಟಕದಲ್ಲಿಯೇ ಇವೆ. ಇಷ್ಟಿದ್ದೂ ಕರ್ನಾಟಕದ ಪ್ರೌಢಶಾಲೆಯ ಹುಡುಗನಿಗೆ ಅಯಾನುಗೋಳವೆಂಬುದು ವಾಯುಮಂಡಲದ ಪದರಗಳ ಪಟ್ಟಿಯಲ್ಲಿ ಕಂಠಪಾಠ ಮಾಡಿ ಬಿಡುವ ಒಂದು ಪದ ಮಾತ್ರ.

ಆದಿತ್ಯ ನಿಂತಿರುವ ತಾಣ ಭೂಮಿಯಿಂದ ಸೂರ್ಯನ ಕಡೆಗೆ 15 ಲಕ್ಷ ಕಿಲೋಮೀಟರು. ಸೆಕೆಂಡಿಗೆ 500 ಕಿಲೋಮೀಟರು ವೇಗದ ದ್ರವ್ಯರಾಶಿ ಅದನ್ನು ಹಾದು ಭೂಮಿಯನ್ನು ಮುಟ್ಟಲು 3000 ಸೆಕೆಂಡು, ಅಂದರೆ 50 ನಿಮಿಷ ಬೇಕು. ವೇಗ ಇಮ್ಮಡಿಯಾದರೆ 25 ನಿಮಿಷ. ಬಿ.ಸಿ. ರೋಡಿನಲ್ಲಿ ಬಸ್ಸು ಹತ್ತಿದವನು ಮಂಗಳೂರು ತಲುಪುವಷ್ಟು ಹೊತ್ತು ಸಿಗುತ್ತದೆ, ಅಥವಾ ಅದರ ಅರ್ಧ. ಎಂಟನೆಯ ತರಗತಿಯ ಹುಡುಗಿ ಮಾಡಬಹುದಾದ ಈ ಲೆಕ್ಕವನ್ನು ಗಣಿತದ ಪಾಠದಲ್ಲಿ ಒಮ್ಮೆ ಮಾಡಿಸಿದರೆ, ಮುನ್ನೆಚ್ಚರಿಕೆಯ ಬೆಲೆಯೇನು ಮಿತಿಯೇನು ಎಂಬುದು ಹತ್ತು ಭಾಷಣಗಳಿಗಿಂತ ಚೆನ್ನಾಗಿ ತಿಳಿಯುತ್ತದೆ.

2024ರ ಮೇ 10 ಮತ್ತು 11ರ ಕ್ಷೋಭೆ ಈ ಎಲ್ಲಕ್ಕೂ ಪರೀಕ್ಷೆಯಾಗಿ ಬಂದಿತು. 2003ರ ಅಕ್ಟೋಬರಿನ ಬಳಿಕ ಅಷ್ಟು ಬಲವಾದುದು ಬಂದಿರಲಿಲ್ಲ. ಲಡಾಖಿನ ಹಾನ್ಲೆಯಲ್ಲಿ ರಾತ್ರಿಯ ಆಕಾಶ ಕೆಂಪಾಯಿತು. ಅಮೆರಿಕದಲ್ಲಿ ಬಿತ್ತನೆಯ ಕಾಲವಾಗಿದ್ದುದರಿಂದ, ಉಪಗ್ರಹದ ಸೂಚನೆಯಂತೆ ಸಾಲು ಹಿಡಿಯುವ ಟ್ರಾಕ್ಟರುಗಳು ಸಾಲು ತಪ್ಪಿ ರೈತರು ಕೆಲಸ ನಿಲ್ಲಿಸಬೇಕಾಯಿತು. ಹಾಸನದಲ್ಲಿ ಕಾವಲು ಬಿಗಿಯಾಯಿತು. ಕೆಲವು ಇನ್ಸಾಟ್ ಉಪಗ್ರಹಗಳಲ್ಲಿ ನಕ್ಷತ್ರ ನೋಡುವ ಸಂವೇದಕಗಳನ್ನು ಮುನ್ನೆಚ್ಚರಿಕೆಯಾಗಿ ಆರಿಸಲಾಯಿತು. ದಿನಕ್ಕೆ 35–40 ಮೀಟರು ಕೆಳಗಿಳಿಯುತ್ತಿದ್ದ ‘ಕಾರ್ಟೋಸ್ಯಾಟ್–2ಎಫ್’ ಮೇ 11ರಂದು ಒಂದೇ ದಿನ ಸುಮಾರು 180 ಮೀಟರು ಇಳಿಯಿತು. ಭಾರತದಲ್ಲಿ ವ್ಯಾಪಕವಾದ ತೊಂದರೆ ಕಾಣಿಸಲಿಲ್ಲ. ಇಸ್ರೋ ಅದಕ್ಕೆ ಕೊಟ್ಟ ಕಾರಣಗಳಲ್ಲೊಂದು ಓದತಕ್ಕುದು: ಕ್ಷೋಭೆಯ ಮುಖ್ಯ ಹೊಡೆತ ಬಿದ್ದುದು ಮೇ 11ರ ಬೆಳಗಿನ ಜಾವದಲ್ಲಿ, ಇಲ್ಲಿನ ಅಯಾನುಗೋಳ ಇನ್ನೂ ಪೂರ್ತಿ ಬಲಿಯುವ ಮೊದಲು. ಎಂದರೆ, ಗಂಡಾಂತರ ತಪ್ಪಿದುದರಲ್ಲಿ ಗಡಿಯಾರದ ಪಾಲೂ ಇತ್ತು. ಅದನ್ನು ಸಿದ್ಧತೆಯ ಜಯವೆಂದು ಬರೆದುಕೊಳ್ಳುವುದು ಸರಿಯಲ್ಲ.

ಇದರ ಇನ್ನೊಂದು ಮುಖವನ್ನೂ ಹೇಳಲೇಬೇಕು. ‘ಇಂದು ರಾತ್ರಿ ವಿಶ್ವಕಿರಣಗಳು ಭೂಮಿಯ ಹತ್ತಿರ ಹಾಯುತ್ತವೆ, ಫೋನು ಆರಿಸಿ ದೂರವಿಡಿ’ ಎಂಬ ಸುಳ್ಳು ಸಂದೇಶ ವರ್ಷಗಳಿಂದ ಕೈಯಿಂದ ಕೈಗೆ ಸುತ್ತುತ್ತಿದೆ. ವಿದ್ಯಾವಂತರೇ ಅದನ್ನು ಬಂಧುಗಳಿಗೆ ದಾಟಿಸುತ್ತಾರೆ. ಸೂರ್ಯನ ಹವೆ ಕೈಯಲ್ಲಿರುವ ಫೋನನ್ನು ಸುಡುವುದಿಲ್ಲ, ಮಲಗಿದವರನ್ನು ಕೊಲ್ಲುವುದಿಲ್ಲ. ನಿಜವಾದ ತೊಂದರೆಯನ್ನು ಕಲಿಸದ ಕಡೆ ಸುಳ್ಳು ಭಯ ಬೆಳೆಯುತ್ತದೆ, ಹಡಿಲು ಬಿಟ್ಟ ಗದ್ದೆಯಲ್ಲಿ ಕಳೆ ಬೆಳೆದಂತೆ. ಕನ್ನಡದಲ್ಲಿ ಈ ವಿಷಯಗಳನ್ನು ಹೇಳಲು ಮಾತಿಲ್ಲವೆಂಬ ನೆವ ನಿಲ್ಲತಕ್ಕುದಲ್ಲ. ಪಾಣೆಮಂಗಳೂರಿನ ನೆರೆಯ ಪುತ್ತೂರಿನಲ್ಲಿ ಕುಳಿತು ಶಿವರಾಮ ಕಾರಂತರು ಮಕ್ಕಳಿಗೆ ‘ಬಾಲ ಪ್ರಪಂಚ’ವನ್ನೂ ದೊಡ್ಡವರಿಗೆ ‘ವಿಜ್ಞಾನ ಪ್ರಪಂಚ’ವನ್ನೂ ಬರೆದು ಮುಗಿಸಿ ಅರ್ಧ ಶತಮಾನಕ್ಕೂ ಮಿಕ್ಕಿತು.

ವಿದ್ಯಾಸಂಸ್ಥೆಗಳಿಗೆ ನೆರವಾಗುವ ದಾನಿಗಳು ಈಚೆಗೆ ಹೆಚ್ಚಾಗಿ ಕೊಡುವುದು ಗಣಕಯಂತ್ರ, ಪರದೆ, ಅಂತರಜಾಲದ ಸೌಕರ್ಯ. ಕೊಡಲಿ, ಅದು ಬೇಕಾದುದೇ. ಅದರ ಒಂದು ಸಣ್ಣ ಭಾಗದಲ್ಲಿ ಇನ್ನೆರಡು ವಸ್ತುಗಳು ಬರುತ್ತವೆ. ಒಂದು, ಎರಡು–ಮೂರು ಅಂಗುಲದ ಮಸೂರವುಳ್ಳ ಸಾಧಾರಣ ದೂರದರ್ಶಕ. ಅದರ ಮೂಲಕ ಸೂರ್ಯನನ್ನು ಎಂದಿಗೂ ಕಣ್ಣಿಟ್ಟು ನೋಡಕೂಡದು, ಕ್ಷಣಮಾತ್ರದಲ್ಲಿ ದೃಷ್ಟಿ ಹೋಗುತ್ತದೆ. ಅಧ್ಯಾಪಕರ ಎದುರಿನಲ್ಲಿ ಬಿಂಬವನ್ನು ಬಿಳಿಯ ಹಾಳೆಯ ಮೇಲೆ ಬೀಳಿಸಿ ಕಲೆಗಳನ್ನು ಎಣಿಸಬೇಕು. ಇನ್ನೊಂದು, ಕಿರುತರಂಗ ಹಿಡಿಯುವ ಒಳ್ಳೆಯ ರೇಡಿಯೊ. ದಿನಕ್ಕೊಮ್ಮೆ ಕಲೆಗಳ ಎಣಿಕೆ, ಸಂಜೆಗೊಮ್ಮೆ ದೂರದ ನಿಲ್ದಾಣವೊಂದು ಹೇಗೆ ಕೇಳಿಸಿತೆಂಬ ಟಿಪ್ಪಣಿ. ಇಷ್ಟನ್ನು ಒಂದು ದಪ್ಪ ಪುಸ್ತಕದಲ್ಲಿ ಬರೆದಿಡುತ್ತ ಬಂದರೆ ಎರಡು ವರ್ಷಗಳಲ್ಲಿ ಅದು ಯಾವ ಪಠ್ಯಪುಸ್ತಕದಲ್ಲಿಯೂ ಇಲ್ಲದ ಪಾಠವಾಗುತ್ತದೆ. ಆಸಕ್ತರಾದ ದೊಡ್ಡ ಹುಡುಗರನ್ನೂ ಹಳೆಯ ವಿದ್ಯಾರ್ಥಿಗಳನ್ನೂ ಹವ್ಯಾಸಿ ರೇಡಿಯೊ ಪರೀಕ್ಷೆಗೆ ಕೂಡಿಸಿ ಕೇಂದ್ರ ಸರಕಾರದ ಪರವಾನಗಿ ಕೊಡಿಸುವುದೂ ಅಸಾಧ್ಯವೇನಲ್ಲ. 2004ರ ಡಿಸೆಂಬರ್ 26ರ ಸುನಾಮಿಯಲ್ಲಿ ಅಂಡಮಾನಿನ ಸುದ್ದಿಯನ್ನು ಹೊರಗೆ ಮುಟ್ಟಿಸಿದವರಲ್ಲಿ, ಬೇರೆ ಕೆಲಸಕ್ಕೆಂದು ಪೋರ್ಟ್‌ಬ್ಲೇರಿಗೆ ಹೋಗಿದ್ದ ಹವ್ಯಾಸಿ ರೇಡಿಯೊದವರೂ ಇದ್ದರು. ನೇತ್ರಾವತಿಯ ದಡದಲ್ಲಿ ಅಂಥ ನಾಲ್ಕು ಮನೆಗಳಿದ್ದರೆ ಸರಕಾರಕ್ಕೂ ಅದು ಹೊರೆಯಲ್ಲ.

ಇದನ್ನು ಹುಡುಗಾಟವೆಂದು ನಗುವವರು ಕೊಡೈಕೆನಾಲಿನ ಕಥೆಯನ್ನು ಓದಬೇಕು. 1899ರಲ್ಲಿ ಅಲ್ಲಿ ನೆಲೆಗೊಂಡ ಸೌರ ವೀಕ್ಷಣಾಲಯದಲ್ಲಿ 1904ರಿಂದ, ಮೋಡ ಕವಿಯದ ದಿನಗಳಲ್ಲೆಲ್ಲ, ಸೂರ್ಯನ ಚಿತ್ರ ತೆಗೆಯುತ್ತ ಬಂದರು. 1909ರ ಜನವರಿಯಲ್ಲಿ ಜಾನ್ ಎವರ್‌ಶೆಡ್ ಅವರು ಸೂರ್ಯಕಲೆಯ ಅಂಚಿನಲ್ಲಿ ಅನಿಲ ಹೊರಮುಖವಾಗಿ ಹರಿಯುವುದನ್ನು ಕಂಡುಹಿಡಿದುದು ಅಲ್ಲಿಯೇ. ಉಳಿದ ಸಾವಿರಾರು ದಿನ ಅಲ್ಲಿ ಏನೂ ಕಂಡುಹಿಡಿಯಲಿಲ್ಲ, ಚಿತ್ರ ತೆಗೆದಿಟ್ಟರು, ಅಷ್ಟೆ. ಕೊಲಾಬಾದ ನೌಕರರ ಕೆಲಸದಂತೆಯೇ ಆ ಚಿತ್ರಗಳ ಬೆಲೆ ನೂರು ವರ್ಷಗಳ ಮೇಲೆ ಏರಿದೆ. ಸೂರ್ಯನ ಹಿಂದಿನ ನಡತೆಯನ್ನು ಅರಿತು ಮುಂದಿನದನ್ನು ಊಹಿಸುವವರು ಇಂದು ಅವನ್ನೇ ತೆರೆದು ನೋಡುತ್ತಿದ್ದಾರೆ.

2019ರ ಡಿಸೆಂಬರಿನಲ್ಲಿ ಆರಂಭವಾದ ಸೂರ್ಯನ ಇಪ್ಪತ್ತೈದನೆಯ ಆವರ್ತ 2024ರಲ್ಲಿ ತನ್ನ ಶಿಖರವನ್ನು ಮುಟ್ಟಿತು. ಹನ್ನೊಂದು ವರ್ಷದ ಈ ಆವರ್ತ ಇಳಿಯುವಾಗಲೂ ದೊಡ್ಡ ಕ್ಷೋಭೆಗಳು ಬರುವುದುಂಟು. 2003ರ ಅಕ್ಟೋಬರಿನದು ಹಾಗೆ ಇಳಿಗಾಲದಲ್ಲಿ ಬಂದುದೇ. ಈ ದಶಕದ ಕೊನೆಯ ಸುಮಾರಿಗೆ ವಾರಗಟ್ಟಲೆ ಒಂದೂ ಕಲೆಯಿಲ್ಲದ ದಿನಗಳು ಬರಬೇಕು. ಈಗ ಐದನೆಯ ತರಗತಿಯಲ್ಲಿರುವ ಮಗು ಈ ವರ್ಷವೇ ಹಾಳೆಯ ಮೇಲೆ ಕಲೆಗಳನ್ನು ಎಣಿಸಲು ತೊಡಗಿದರೆ, ಪ್ರೌಢಶಾಲೆಯನ್ನು ಬಿಡುವ ಹೊತ್ತಿಗೆ ಅದರ ಪುಸ್ತಕದಲ್ಲಿ ಸೊನ್ನೆಗಳು ಸಾಲುಗಟ್ಟಿರುತ್ತವೆ. ಸಂಜೆಯ ರೇಡಿಯೊದ ಟಿಪ್ಪಣಿಯೂ ಬೇರೆಯಾಗಿರುತ್ತದೆ.